ಕಂಪ್ಯೂಟರ್ ಶುರುವಾಗೋ ಮುಂಚೆಯೇ ಆಫ್ ಆಗ್ತಿದೆಯಾ? ಫಾರ್ಮ್ಯಾಟ್ ಹೊಡೆಸೋಕೆ ಮುಂಚೆ ಇದನ್ನು ಕೇಳಿ



ಈ ಸಂಚಿಕೆಯಲ್ಲಿ ಮನೆ ಕಂಪ್ಯೂಟರಿನ ಒಂದು ಹಳೇ ಕಾಯಿಲೆ ಬಗ್ಗೆ ಮಾತಾಡ್ತೀನಿ. ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತೆ, ಪರದೆ ಮೇಲೆ ಕಂಪನಿ ಹೆಸರು ಬರುತ್ತೆ, ಅದರ ಕೆಳಗೆ ಚುಕ್ಕಿಗಳು ಗುಂಡಗೆ ಸುತ್ತೋಕೆ ಶುರು ಮಾಡುತ್ತವೆ. ಇನ್ನೇನು ಆನ್ ಆಯ್ತು ಅನ್ನುವಷ್ಟರಲ್ಲಿ ಟಪ್ ಅಂತ ಎಲ್ಲ ಹೋಗುತ್ತೆ. ಮತ್ತೆ ತಾನೇ ಶುರುವಾಗುತ್ತೆ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತೆ. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು.

ನಾನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಇಪ್ಪತ್ತು ವರ್ಷ ದಾಟಿದೆ. ಮಳೆಗಾಲ ಹಿಡೀತು ಅಂದ್ರೆ ನನಗೆ ಬರೋ ಫೋನುಗಳಲ್ಲಿ ಹೆಚ್ಚಿನವು ಇದೇ ದೂರಿನವು. ಫೋನ್ ಮಾಡಿದವರ ಎರಡನೇ ವಾಕ್ಯವೂ ಒಂದೇ ಥರ ಇರುತ್ತೆ: ‘ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತಾ?’

ಈ ಮಾತು ನನಗೆ ಕಳವಳ ತರುತ್ತೆ. ಫಾರ್ಮ್ಯಾಟ್ ಅಂದ್ರೆ ಡಿಸ್ಕ್ ಒರೆಸಿ ಹಾಕಿ ವಿಂಡೋಸ್ ಅನ್ನು ಹೊಸದಾಗಿ ಹಾಕೋದು. ಜ್ವರ ಯಾಕೆ ಬಂತು ಅಂತ ನೋಡದೆ ಆಪರೇಷನ್ ಟೇಬಲ್ ಮೇಲೆ ಮಲಗಿಸಿದ ಹಾಗೆ. ರೋಗ ಡಿಸ್ಕಿನಲ್ಲಿರೋ ವಿಂಡೋಸ್‌ದೇ ಆಗಿದ್ರೆ ಅದರಿಂದ ಗುಣ ಆಗಬಹುದು. ಆದರೆ ರೋಗ ಬೇರೆ ಕಡೆ ಇದ್ದರೆ? ಮಗು ಹುಟ್ಟಿದಾಗಿನ ಫೋಟೋ, ಮನೆ ಕಾಗದಪತ್ರ ಸ್ಕ್ಯಾನ್ ಮಾಡಿಟ್ಟದ್ದು, ಮಗಳ ಪ್ರಾಜೆಕ್ಟ್, ಸೊಸೈಟಿ ಲೆಕ್ಕ ಎಲ್ಲ ಹೋಗಿರುತ್ತೆ, ಕಂಪ್ಯೂಟರ್ ಮಾತ್ರ ಹಳೇ ರೋಗದಲ್ಲೇ ಇರುತ್ತೆ.

ಎಲ್ಲಿ ನಿಲ್ಲುತ್ತೆ ಅಂತ ನೋಡಿ

ಕಂಪ್ಯೂಟರ್ ಆನ್ ಆಗೋದು ಒಂದೇ ಕೆಲಸ ಅಲ್ಲ, ನಾಲ್ಕೈದು ಕೆಲಸಗಳ ಸಾಲು. ಮೊದಲು ಎಸ್‌ಎಂಪಿಎಸ್, ಅಂದ್ರೆ ಕ್ಯಾಬಿನೆಟ್ಟಿನ ಮೂಲೆಯಲ್ಲಿರೋ ಕರೆಂಟ್ ಪೆಟ್ಟಿಗೆ, ಮನೆಯ 230 ವೋಲ್ಟನ್ನು 12, 5, 3.3 ವೋಲ್ಟ್‌ಗೆ ಇಳಿಸಿ ಕೊಡುತ್ತೆ. ಆಮೇಲೆ ಮದರ್‌ಬೋರ್ಡ್ ಎದ್ದು ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಡಿಸ್ಕ್ ಇದೆಯಾ ಅಂತ ಹಾಜರಿ ಕರೆಯುತ್ತೆ. ಕಂಪನಿ ಹೆಸರು ಕಾಣೋದು ಈ ಹೊತ್ತಲ್ಲಿ. ಮೂರನೆಯದು ಡಿಸ್ಕಿನಿಂದ ವಿಂಡೋಸ್ ಅನ್ನು ಎತ್ತಿಕೊಂಡು ಬರೋದು. ಚುಕ್ಕಿ ಸುತ್ತೋದು ಇಲ್ಲಿ. ನಾಲ್ಕನೆಯದು ಪಾಸ್‌ವರ್ಡ್ ಪರದೆ. ಕೊನೆಗೆ ಡೆಸ್ಕ್‌ಟಾಪ್, ಅದರ ಜೊತೆ ತಾನಾಗಿ ಶುರುವಾಗೋ ಪ್ರೋಗ್ರಾಂಗಳು.

ಬಸ್ ಕೆಟ್ಟು ನಿಂತರೆ ಯಾವ ತಿರುವಲ್ಲಿ ನಿಂತಿದೆ ಅಂತ ಕೇಳ್ತೀವಲ್ಲ, ಹಾಗೇ ಇದು. ಫೋನಿನಲ್ಲಿ ಒಂದು ವಿಡಿಯೊ ಮಾಡಿಕೊಳ್ಳಿ. ಬಟನ್ ಒತ್ತಿದ ಕ್ಷಣದಿಂದ ಆಫ್ ಆಗೋವರೆಗೆ. ನಾನು ಫೋನಿನಲ್ಲಿ ಅರ್ಧ ಗಂಟೆ ಕೇಳೋ ಪ್ರಶ್ನೆಗಳಿಗೆ ಆ ವಿಡಿಯೊ ಉತ್ತರ ಕೊಡುತ್ತೆ. ರಿಪೇರಿಗೆ ಯಾರನ್ನೇ ಕರೆದರೂ ಅದನ್ನು ತೋರಿಸಿ.

ಕಂಪನಿ ಹೆಸರೇ ಬರೋಕೆ ಮುಂಚೆ ಹೋದರೆ ಅದು ಬಹುಪಾಲು ಕರೆಂಟು, ರ‍್ಯಾಮ್ ಅಥವಾ ಮದರ್‌ಬೋರ್ಡ್ ವಿಷಯ. ವಿಂಡೋಸ್ ಆ ಹೊತ್ತಿಗೆ ಕೆಲಸವನ್ನೇ ಶುರು ಮಾಡಿರೋಲ್ಲ. ಅಲ್ಲಿ ಫಾರ್ಮ್ಯಾಟ್ ಮಾತೇ ಬರಬಾರದು. ಚುಕ್ಕಿ ಸುತ್ತುವಾಗ ಹೋದರೆ ಡಿಸ್ಕ್, ಡ್ರೈವರ್, ಅರ್ಧಕ್ಕೆ ನಿಂತ ಅಪ್‌ಡೇಟ್, ಜೊತೆಗೆ ರ‍್ಯಾಮ್ ಮೇಲೂ ಅನುಮಾನ. ಪಾಸ್‌ವರ್ಡ್ ಹಾಕಿದ ಮೇಲೆ ಹೋದರೆ ಆಮೇಲೆ ಶುರುವಾಗೋ ಪ್ರೋಗ್ರಾಂ ಮೇಲೆ, ಇಲ್ಲವೇ ಗ್ರಾಫಿಕ್ಸ್ ಡ್ರೈವರ್ ಮೇಲೆ.

ಒಂದು ವಿಚಿತ್ರ ಕೇಸ್ ಹೇಳ್ತೀನಿ, ನಗು ಬರುತ್ತೆ. ಪ್ರತಿ ಸಲ ಒತ್ತಿದಾಗಲೂ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಆಫ್. ಎಸ್‌ಎಂಪಿಎಸ್ ಬದಲಿಸಿದ್ದರು, ರ‍್ಯಾಮ್ ಬದಲಿಸಿದ್ದರು. ತೊಂದರೆ ಇದ್ದದ್ದು ಕ್ಯಾಬಿನೆಟ್ಟಿನ ಮುಂದಿನ ಬಟನ್ನಿನಲ್ಲಿ! ಧೂಳು, ಜಿಡ್ಡು ಸೇರಿ ಒತ್ತಿದ ಬಟನ್ ವಾಪಸ್ ಬರ್ತಿರಲಿಲ್ಲ. ಪವರ್ ಬಟನ್ ನಾಲ್ಕು ಸೆಕೆಂಡ್ ಹಿಡಿದರೆ ಕಂಪ್ಯೂಟರ್ ಬಲವಂತವಾಗಿ ಆಫ್ ಆಗಬೇಕು ಅಂತಲೇ ಅದನ್ನು ಮಾಡಿರೋದು. ಪಾಪ, ಅದು ಹೇಳಿದ ಹಾಗೆ ಕೇಳ್ತಿತ್ತು ಅಷ್ಟೇ.

ಸ್ಕ್ರೂಡ್ರೈವರ್ ಮುಟ್ಟೋಕೆ ಮುಂಚೆ

ಮೊದಲು ಖರ್ಚಿಲ್ಲದ ಕೆಲಸಗಳು. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಉಳಿದದ್ದೆಲ್ಲ ಕಳಚಿ. ಪ್ರಿಂಟರ್, ಪೆನ್ ಡ್ರೈವ್, ವೆಬ್‌ಕ್ಯಾಮ್, ಡಾಂಗಲ್ ಎಲ್ಲ. ಹಿಂದೆ ಮರೆತುಬಿಟ್ಟ ಒಂದು ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಏಳದೆ ಇದ್ದದ್ದನ್ನು ಎಷ್ಟೋ ಸಲ ನೋಡಿದ್ದೀನಿ. ಆಮೇಲೆ ಗೋಡೆಯ ಪ್ಲಗ್ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದಿರೋ ವಿದ್ಯುತ್ ಖಾಲಿಯಾಗುತ್ತೆ. ಪ್ಲಗ್ ಹಾಕಿ ನೋಡಿ.

ಯುಪಿಎಸ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆ ಪ್ಲಗ್ಗಿಗೆ ಒಂದು ಸಲ ಕೊಟ್ಟು ನೋಡಿ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕರೆಂಟ್ ಸ್ವಲ್ಪ ಅಲುಗಾಡಿದರೂ ಕಂಪ್ಯೂಟರ್ ಬಿದ್ದುಹೋಗುತ್ತೆ. ನಮ್ಮ ಮಲೆನಾಡಿನಲ್ಲಂತೂ ಜೂನ್ ಬಂತು ಅಂದ್ರೆ ಮರ ಬಿತ್ತು, ತಂತಿ ಹರೀತು, ವೋಲ್ಟೇಜ್ ಏರಿತು, ಇಳಿಯಿತು. ಸಿಡಿಲಿನ ಕಥೆ ಕೇಳೋದೇ ಬೇಡ.

ಕ್ಯಾಬಿನೆಟ್ ತೆಗೆಯೋ ಧೈರ್ಯ ಇದ್ದರೆ, ಪ್ಲಗ್ ಕಿತ್ತು, ಲೋಹದ ಚೌಕಟ್ಟನ್ನು ಒಂದು ಸಲ ಮುಟ್ಟಿ, ಪಕ್ಕದ ಬಾಗಿಲು ತೆಗೆಯಿರಿ. ಧೂಳು, ಇರುವೆ ಗೂಡು, ಹಲ್ಲಿ, ಇದು ತಮಾಷೆ ಅಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಅವೆಲ್ಲ ಅಲ್ಲೇ ಸಂಸಾರ ಹೂಡಿರುತ್ತವೆ. ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗ್ತಿದೆಯಾ, ಅದರ ಕೆಳಗಿನ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದಿದೆಯಾ ನೋಡಿ. ಪ್ಲಾಸ್ಟಿಕ್ ಪಿನ್ ಮುರಿದು ಹೀಟ್‌ಸಿಂಕ್ ಸಡಿಲವಾದರೆ ಪ್ರೊಸೆಸರ್ ನಿಮಿಷದೊಳಗೆ ಕುದಿಯುತ್ತೆ, ತನ್ನನ್ನು ಉಳಿಸಿಕೊಳ್ಳೋಕೆ ಆಫ್ ಆಗುತ್ತೆ. ತಣ್ಣಗಿದ್ದಾಗ ಸ್ವಲ್ಪ ಹೊತ್ತು ನಡೆದು, ಆಮೇಲಾಮೇಲೆ ಬೇಗ ಬೇಗ ಆಫ್ ಆಗ್ತಿದ್ದರೆ ಅದು ಬಿಸಿಯ ಲಕ್ಷಣ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ ಇರಬಹುದು. ಅದರ ಮೇಲೆ ಅನುಮಾನ ಬಂದರೆ ಇನ್ನೊಂದನ್ನು ಹಾಕಿ ನೋಡಬೇಕು, ಅಷ್ಟೇ.

ಇನ್ನೊಂದು, ಗಡಿಯಾರ. ಕಂಪ್ಯೂಟರಿನ ದಿನಾಂಕ ಪ್ರತಿ ಸಲ ಹಳೇ ವರ್ಷಕ್ಕೆ ಹೋಗ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ. ಸಿಆರ್ 2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಕೊಡ್ತಾರೆ. ಆ ಬ್ಯಾಟರಿ ಸತ್ತಾಗ ದಿನಾಂಕದ ಜೊತೆಗೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳೂ ಮೊದಲಿನ ಸ್ಥಿತಿಗೆ ಹೋಗುತ್ತವೆ. ಡಿಸ್ಕ್ ಓದೋ ವಿಧಾನ ಬದಲಾಗಿಬಿಟ್ಟರೆ ವಿಂಡೋಸ್ ತನ್ನ ಡಿಸ್ಕನ್ನೇ ಗುರುತಿಸದೆ ಬೀಳುತ್ತೆ. ಅಲ್ಲಿ ಬೇಕಾಗಿರೋದು ಒಂದು ಪುಟ್ಟ ಬ್ಯಾಟರಿ ಮತ್ತು ಒಂದು ಸೆಟ್ಟಿಂಗ್.

ಟೀಚರ ಹಾಡುಗಳು

ನಮ್ಮ ತಾಲ್ಲೂಕಿನಲ್ಲೇ ಒಬ್ಬರು ನಿವೃತ್ತ ಕನ್ನಡ ಟೀಚರ್ ಇದ್ದಾರೆ. ಹೆಸರು ಬೇಡ. ಸರ್ವಿಸಲ್ಲಿದ್ದಾಗ ಭಾನುವಾರ ಭಾನುವಾರ ಹಳ್ಳಿಗೆ ಹೋಗಿ ವಯಸ್ಸಾದ ಹೆಂಗಸರ ಹತ್ತಿರ ಮದುವೆ ಹಾಡು, ಬೀಸೋ ಪದ, ತೊಟ್ಟಿಲ ಹಾಡು ಹೇಳಿಸಿ ರೆಕಾರ್ಡ್ ಮಾಡ್ಕೊಂಡು ಬರ್ತಿದ್ದರು. ಎಲ್ಲವೂ ಇದ್ದದ್ದು ಅವರ ಮನೆಯ ಒಂದೇ ಕಂಪ್ಯೂಟರಿನಲ್ಲಿ. ಆ ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ.

ಆ ಕಂಪ್ಯೂಟರ್ ಚುಕ್ಕಿ ಸುತ್ತುವಾಗ ಬೀಳೋಕೆ ಶುರುವಾಯ್ತು. ನೋಡಿದ ಹುಡುಗನೊಬ್ಬ ‘ವಿಂಡೋಸ್ ಹೋಗಿದೆ, ನಾಳೆ ಬಂದು ಫಾರ್ಮ್ಯಾಟ್ ಹೊಡೀತೀನಿ’ ಅಂದು ಹೋಗಿದ್ದ. ಟೀಚರಿಗೆ ರಾತ್ರಿ ನಿದ್ದೆ ಬಂದಿಲ್ಲ. ಬೆಳಿಗ್ಗೆ ಆರೂವರೆಗೆ ನನಗೆ ಫೋನ್. ‘ಒಂದು ಸಲ ಬಂದು ನೋಡು ಮಾರಾಯ. ಮಿಷನ್ ಹೋದ್ರೆ ಹೋಗ್ಲಿ, ಆ ಅಜ್ಜಿಯರ ದನಿ ಹೋಗಬಾರದು’ ಅಂದರು.

ಹೋಗಿ ನೋಡಿದೆ. ನೀಲಿ ಪರದೆ ಬರ್ತಿತ್ತು, ಆದರೆ ಪ್ರತಿ ಸಲವೂ ಬೇರೆ ಬೇರೆ ಸಂದೇಶ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’, ಇನ್ನೊಮ್ಮೆ ಯಾವುದೋ ಫೈಲ್ ಹೆಸರು, ಮತ್ತೊಮ್ಮೆ ಏನೂ ಇಲ್ಲ. ಒಂದೇ ಡ್ರೈವರ್ ಅಥವಾ ಫೈಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಸಂದೇಶ ಮರಳಿ ಬರುತ್ತೆ. ದಿನಕ್ಕೊಂದು ಸುಳ್ಳು ಹೇಳೋದು ರ‍್ಯಾಮ್‌ನ ಗುಣ, ಕೆಲವು ಸಲ ಎಸ್‌ಎಂಪಿಎಸ್‌ದು.

ನನ್ನ ಹತ್ತಿರ ಯಾವಾಗಲೂ ಒಂದು ಲಿನಕ್ಸ್ ಪೆನ್ ಡ್ರೈವ್ ಇರುತ್ತೆ. ಉಬುಂಟು ಅಥವಾ ಲಿನಕ್ಸ್ ಮಿಂಟ್, ಎರಡೂ ಉಚಿತ. 8 ಜಿಬಿ ಪೆನ್ ಡ್ರೈವ್ ಸಾಕು. ಡಿಸ್ಕಿಗೆ ಏನೂ ಬರೆಯದೆ, ಪೆನ್ ಡ್ರೈವಿನಿಂದಲೇ ಕಂಪ್ಯೂಟರ್ ನಡೆಸಬಹುದು. ‘ಟ್ರೈ’ ಅನ್ನೋದನ್ನು ಒತ್ತಬೇಕು, ‘ಇನ್‌ಸ್ಟಾಲ್’ ಅಲ್ಲ. ಇದು ಒಳ್ಳೆ ಪರೀಕ್ಷೆ. ಲಿನಕ್ಸ್ ಒಂದು ಗಂಟೆ ಆರಾಮಾಗಿ ನಡೆದರೆ ರ‍್ಯಾಮ್, ಪ್ರೊಸೆಸರ್, ಕರೆಂಟು ಬಹುಪಾಲು ಸರಿ ಇವೆ. ಅನುಮಾನ ವಿಂಡೋಸ್ ಮೇಲೆ ಅಥವಾ ಡಿಸ್ಕ್ ಮೇಲೆ. ಲಿನಕ್ಸೂ ಬಿದ್ದರೆ ವಿಂಡೋಸ್ ಅನ್ನು ಬೈದು ಪ್ರಯೋಜನ ಇಲ್ಲ.

ಟೀಚರ ಮನೆಯಲ್ಲಿ ಲಿನಕ್ಸೂ ಬಿತ್ತು. ಎರಡು ರ‍್ಯಾಮ್ ಇದ್ದವು. ಒಂದನ್ನು ತೆಗೆದೆ, ಹಾಗೇ ಬಿತ್ತು. ಅದನ್ನು ಹಾಕಿ ಇನ್ನೊಂದನ್ನು ತೆಗೆದೆ. ಈಗ ನಿಂತಿತು! ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚು ಉಜ್ಜಿ ಮತ್ತೆ ಹಾಕಿ ನೋಡಿದೆ, ಬೇರೆ ಸ್ಲಾಟಿಗೂ ಹಾಕಿ ನೋಡಿದೆ. ಪ್ರಯೋಜನ ಆಗಲಿಲ್ಲ, ಅದು ಸತ್ತಿತ್ತು. ಅದನ್ನು ಆಚೆ ಇಟ್ಟು, ಮೊದಲು ಮಾಡಿದ ಕೆಲಸ ಅಂದ್ರೆ ಹಾಡುಗಳನ್ನೆಲ್ಲ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದ್ದು. ಕ್ರಮ ಗಮನಿಸಿ: ಕೆಟ್ಟ ರ‍್ಯಾಮ್ ಇರುವಾಗಲೇ ಕಾಪಿ ಮಾಡಿದ್ದರೆ ಕಾಪಿಯೂ ಕೆಡೋ ಸಾಧ್ಯತೆ ಇತ್ತು. ಕಾಪಿಯಾದ ಮೇಲೆ ಒಂದು ಹಾಡು ಹಾಕಿ ಕೇಳಿದೆವು. ಟೀಚರ್ ಏನೂ ಮಾತಾಡಲಿಲ್ಲ, ಒಳಗೆ ಹೋಗಿ ಕಾಫಿ ಮಾಡ್ಕೊಂಡು ಬಂದರು.

ಈಗ ಆ ಹುಡುಗ ಮರುದಿನ ಬಂದಿದ್ದರೆ ಏನಾಗ್ತಿತ್ತು ಯೋಚಿಸಿ. ಡಿಸ್ಕ್ ಮೊದಲು ಖಾಲಿಯಾಗ್ತಿತ್ತು. ಹೊಸ ವಿಂಡೋಸ್ ಹಾಕುವಾಗ ಅದೇ ಕೆಟ್ಟ ರ‍್ಯಾಮ್ ಮೇಲೆ ಕೆಲಸ ನಡೀಬೇಕಲ್ಲ, ಅರ್ಧಕ್ಕೆ ನಿಲ್ತಿತ್ತು. ಆಮೇಲೆ ‘ಡಿಸ್ಕೂ ಹೋಗಿದೆ’ ಅನ್ನೋ ಮಾತು ಬರ್ತಿತ್ತು. ಹುಡುಗ ಕೆಟ್ಟವನಲ್ಲ, ಮೋಸಗಾರನೂ ಅಲ್ಲ. ಪರೀಕ್ಷೆ ಮಾಡೋಕೆ ಒಂದು ಗಂಟೆ ಬೇಕು, ಆ ಒಂದು ಗಂಟೆಗೆ ನಾವ್ಯಾರೂ ದುಡ್ಡು ಕೊಡಲ್ಲ. ಫಾರ್ಮ್ಯಾಟಿಗೆ ಕೊಡ್ತೀವಿ. ತೊಂದರೆ ಇರೋದು ಅಲ್ಲಿ.

ವಿಂಡೋಸ್‌ನದೇ ತಪ್ಪಾದರೆ

ಪರೀಕ್ಷೆಯಲ್ಲಿ ಯಂತ್ರ ಸರಿ ಇದೆ ಅಂತ ಗೊತ್ತಾದರೆ ಆಗ ವಿಂಡೋಸ್ ಕಡೆ ತಿರುಗೋಣ. ಸತತವಾಗಿ ಎರಡು ಮೂರು ಸಲ ಶುರುವಾಗದೆ ಹೋದರೆ ವಿಂಡೋಸ್ 10, 11 ತಾವೇ ರಿಪೇರಿ ಪರದೆಗೆ ಹೋಗುತ್ತವೆ. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಶನ್ಸ್’. ಮೊದಲು ‘ಸ್ಟಾರ್ಟ್‌ಅಪ್ ರಿಪೇರ್’ ಮಾಡಿ. ತೊಂದರೆ ಒಂದು ಅಪ್‌ಡೇಟ್ ಆದ ಮೇಲೆ ಶುರುವಾಗಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ‘ಸಿಸ್ಟಮ್ ರೀಸ್ಟೋರ್’ ಇದೆ. ಅದು ವಿಂಡೋಸ್ ಸೆಟ್ಟಿಂಗ್‌ಗಳನ್ನು ಹಿಂದಿನ ದಿನಕ್ಕೆ ಒಯ್ಯುತ್ತೆ, ನಿಮ್ಮ ಫೋಟೋ, ಪತ್ರಗಳನ್ನು ಮುಟ್ಟೋಲ್ಲ.

ಆಮೇಲೆ ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’. ಅಲ್ಲಿ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್. ಅತಿ ಅಗತ್ಯದ ಡ್ರೈವರ್‌ಗಳು ಮಾತ್ರ ಇರೋ ಬಡ ವಿಂಡೋಸ್ ಅದು. ಸೇಫ್ ಮೋಡಿನಲ್ಲಿ ನಿಂತು, ಮಾಮೂಲಿಯಲ್ಲಿ ಬಿದ್ದರೆ ಕಳ್ಳ ಯಾರು ಅಂತ ಹುಡುಕೋದು ಸುಲಭ: ಇತ್ತೀಚೆಗೆ ಹಾಕಿದ ಡ್ರೈವರ್, ಹೊಸ ಪ್ರೋಗ್ರಾಂ, ಅಥವಾ ಒಂದರ ಮೇಲೊಂದು ಹಾಕಿಕೊಂಡ ಎರಡು ಆ್ಯಂಟಿವೈರಸ್. ಅದೇ ಪಟ್ಟಿಯಲ್ಲಿ 9 ಒತ್ತಿದರೆ ಬಿದ್ದಾಗ ತಾನೇ ರೀಸ್ಟಾರ್ಟ್ ಆಗೋದು ನಿಲ್ಲುತ್ತೆ. ಪರದೆ ಅಲ್ಲೇ ನಿಂತಿರುತ್ತೆ, ಸಂದೇಶ ಓದಿ ಫೋಟೋ ತೆಗೆದುಕೊಳ್ಳಬಹುದು. 2025ರಿಂದ ವಿಂಡೋಸ್ 11ರಲ್ಲಿ ಆ ನೀಲಿ ಪರದೆ ಕಪ್ಪಾಗಿದೆ. ಬಣ್ಣ ಬೇರೆ ಅಂತ ಗಾಬರಿ ಬೇಡ.

ಡ್ರೈವರ್ ಮಟ್ಟದಲ್ಲಿ ಒಂದು ತಪ್ಪಾದರೆ ಏನಾಗುತ್ತೆ ಅಂತ ಜಗತ್ತೇ ನೋಡಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಹೀಗೇ ಬಿದ್ದವು ಅಂತ ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದಕ್ಕೆ ಮದ್ದು ಏನಿತ್ತು ಗೊತ್ತಾ? ಸೇಫ್ ಮೋಡಿಗೆ ಹೋಗಿ ಆ ಒಂದು ಫೈಲ್ ಅಳಿಸೋದು. ಯಾವ ಕಂಪ್ಯೂಟರನ್ನೂ ಅದಕ್ಕಾಗಿ ಫಾರ್ಮ್ಯಾಟ್ ಮಾಡಬೇಕಿರಲಿಲ್ಲ. ಆದರೆ ಎಷ್ಟೋ ಕಡೆ ಸೇಫ್ ಮೋಡಿಗೆ ಹೋಗೋಕೆ ಬಿಟ್‌ಲಾಕರ್ ಕೀ ಕೇಳಿತು, ಅದನ್ನು ಹುಡುಕೋಕೆ ಪರದಾಡಿದರು.

ಈ ಬಿಟ್‌ಲಾಕರ್ ಈಗ ನಿಮ್ಮ ಮನೆಗೂ ಬಂದಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕಿಗೆ ತಾನಾಗಿಯೇ ಬೀಗ ಬೀಳೋದು ಸಾಮಾನ್ಯ. ಅದರ ಕೀ 48 ಅಂಕಿಗಳದ್ದು. ಅದಿಲ್ಲದೆ ಲಿನಕ್ಸ್ ಪೆನ್ ಡ್ರೈವಿನಿಂದಲೂ ನಿಮ್ಮ ಫೈಲ್ ಓದಲಾಗದು, ನನ್ನಂಥವರ ಕೈಯಲ್ಲೂ ಆಗದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತೆ, ಫೋನಿನಿಂದಲೂ ನೋಡಬಹುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದು, ಮನೆಪತ್ರ ಇಡೋ ಜಾಗದಲ್ಲಿ ಇಡಿ.

ಡಿಸ್ಕ್ ಟಕ್ ಟಕ್ ಅಂದರೆ ಕೈ ತೆಗೆಯಿರಿ

ಹಳೇ ಹಾರ್ಡ್ ಡಿಸ್ಕ್ ಒಂದೇ ತಾಳದಲ್ಲಿ ಟಕ್, ಟಕ್ ಅಂತಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಚೆಕ್ ಡಿಸ್ಕ್ ಓಡಿಸಬೇಡಿ. ಒಳಗಿನ ತಲೆ ಕೆಟ್ಟು, ತಟ್ಟೆಯನ್ನು ಗೀರುತ್ತಿರಬಹುದು. ಪ್ರತಿ ಸಲ ಆನ್ ಮಾಡಿದಾಗಲೂ ಉಳಿಯೋ ಸಾಧ್ಯತೆ ಕಡಿಮೆಯಾಗುತ್ತೆ. ಒಳಗಿರೋದು ನಿಜಕ್ಕೂ ಬೇಕು ಅಂದ್ರೆ ಡೇಟಾ ರಿಕವರಿ ಮಾಡೋರ ಹತ್ತಿರವೇ ಒಯ್ಯಿರಿ. ದುಬಾರಿ, ಹೌದು. ಆದರೆ ಮನೆಯಲ್ಲಿ ಬಿಚ್ಚಿದ ಡಿಸ್ಕ್ ಅವರಿಗೂ ಕಷ್ಟ.

ಎಸ್‌ಎಸ್‌ಡಿ ಶಬ್ದವನ್ನೇ ಮಾಡೋಲ್ಲ. ಒಂದು ದಿನ ಕಾಣುತ್ತೆ, ಮರುದಿನ ಕಾಣೋಲ್ಲ. ಒಮ್ಮೆ ಹಾಗೆ ಆಟ ಆಡಿದರೆ, ಕಂಡ ದಿನವೇ ಕಾಪಿ ಮಾಡ್ಕೊಳ್ಳಿ.

ಅಂಗಡಿಗೆ ಒಯ್ಯುವಾಗ ಏನು ಹೇಳಬೇಕು

ಇಷ್ಟೆಲ್ಲ ನನ್ನಿಂದ ಆಗಲ್ಲ ಅನ್ನೋರೂ ಇದ್ದೀರಿ. ತಪ್ಪೇನಿಲ್ಲ. ಅಂಗಡಿಗೆ ಹೋದಾಗ ಮೂರು ಮಾತು ಹೇಳಿ. ಒಂದು, ‘ನನ್ನನ್ನು ಕೇಳದೆ ಡಿಸ್ಕ್ ಒರೆಸಬೇಡಿ’. ಇದನ್ನು ರಸೀದಿ ಮೇಲೆ ಬರೆಸಿ. ಎರಡು, ‘ಮೊದಲು ಡೇಟಾ ಕಾಪಿ ಮಾಡಿ, ಆಮೇಲೆ ರಿಪೇರಿ’. ಮೂರು, ‘ಪರೀಕ್ಷೆ ಮಾಡಿದ್ದಕ್ಕೆ ಬೇರೆ ದುಡ್ಡು ಕೊಡ್ತೀನಿ, ಏನು ಕೆಟ್ಟಿದೆ ಅಂತ ತೋರಿಸಿ’. ಈ ಮೂರನೇ ಮಾತು ಹೇಳಿ ನೋಡಿ, ಅಂಗಡಿಯವರ ಮುಖ ಬದಲಾಗುತ್ತೆ. ಬದಲಿಸಿದ ಹಳೇ ಭಾಗವನ್ನು ವಾಪಸ್ ಕೇಳಿ ತಗೊಳ್ಳಿ.

ಒಂದು ಎಚ್ಚರಿಕೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಕಂಡ ನಂಬರಿಗೆಲ್ಲ ಫೋನ್ ಮಾಡಬೇಡಿ. ಪರದೆಯಲ್ಲಿ ‘ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ’ ಅಂತ ಬಂದರೆ ಅದು ಮೋಸ. ವಿಂಡೋಸ್‌ನ ನಿಜವಾದ ದೋಷದ ಪರದೆಯಲ್ಲಿ ಫೋನ್ ನಂಬರ್ ಇರೋದಿಲ್ಲ. ದುಡ್ಡು ಕಳಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಕೊನೆಗೆ, ಕಂಪ್ಯೂಟರ್ ಚೆನ್ನಾಗಿರೋ ಮನೆಯವರಿಗೆ ಒಂದು ಕೆಲಸ. ಇದನ್ನು ಕೇಳಿ ಮುಗಿಸಿದ ಮೇಲೆ, ಕಳಕೊಂಡರೆ ಮತ್ತೆ ಸಿಗದಂಥದ್ದು ಏನೇನಿದೆ ಅಂತ ಒಂದು ಪಟ್ಟಿ ಮಾಡಿ. ಸಿನಿಮಾ ಬೇಡ, ಅದು ಮತ್ತೆ ಸಿಗುತ್ತೆ. ಫೋಟೋ, ದನಿ, ಬರಹ, ಲೆಕ್ಕ. ಅವನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಬೀರುವಿನಲ್ಲಿ ಇಡಿ. ಸಿಕ್ಕಿಸಿಯೇ ಬಿಟ್ಟರೆ ಸಿಡಿಲಿಗೆ ಎರಡೂ ಹೋಗುತ್ತವೆ. ಸಾಧ್ಯವಾದರೆ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರೋ ಮಗನ, ಮಗಳ ಮನೆಯಲ್ಲಿರಲಿ. ಕಂಪ್ಯೂಟರ್ ಯಾವತ್ತಾದರೂ ಕೆಡೋದೇ. ಈ ಪ್ರತಿ ಇದ್ದರೆ ಕೆಟ್ಟ ದಿನ ‘ಫಾರ್ಮ್ಯಾಟ್ ಹೊಡೀಲಾ?’ ಅಂತ ಯಾರಾದರೂ ಕೇಳಿದರೆ ಎದೆ ಧಸಕ್ಕೆನ್ನೋಲ್ಲ.

ನಿಮ್ಮ ಮನೆಯ ಕಂಪ್ಯೂಟರ್ ಎಲ್ಲಿ ನಿಲ್ಲುತ್ತೆ, ಪರದೆ ಮೇಲೆ ಏನು ಬರುತ್ತೆ, ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕೆಲವಕ್ಕೆ ಉತ್ತರ ಹೇಳೋಣ.